ಫ್ರೆಂಚಿನಲ್ಲಿ ‘ಆಗಿರುತ್ತಿದ್ದೆ’ ಎನ್ನುವುದು

ನಾನು ಓದು ಬಿಟ್ಟದ್ದು ೧೯೫೧ನೇ ಇಸವಿಯಲ್ಲಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೂ ಯಾರಾದರೂ ಕೇಳಿಯೇ ಕೇಳುತ್ತಾರೆ, ಕೇಳಿದ ಮೇಲೆ “ಛೇ, ಓದಿದ್ರೆ ಏನೋ ಆಗಿರ್ತಿದ್ರಿ” ಎಂದು ನಿಟ್ಟುಸಿರು ಬಿಡುತ್ತಾರೆ. ಈ ‘ಆಗಿರ್ತಿದ್ರಿ’ಯಷ್ಟು ಸಲೀಸಾಗಿ ದಾನ ಮಾಡಬಹುದಾದ ವಸ್ತು ಲೋಕದಲ್ಲಿ ಇನ್ನೊಂದಿಲ್ಲ: ಕೊಟ್ಟವರ ಕೈ ಬರಿದಾಗದು, ಪಡೆದವನ ಕೈ ತುಂಬದು.

ಎಲ್ಲರೂ ಕನ್ನಡದಲ್ಲಿ ಪುಕ್ಕಟೆಯಾಗಿ ಬಳಸುವ ಈ ಪದವನ್ನು ನಾನು ಫ್ರೆಂಚಿನಲ್ಲಿ ಬೆವರು ಸುರಿಸಿ ಕಲಿತವನು. ಅಪ್ಪನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಾಗ ಶಾಲೆ ಬಿಟ್ಟು, ಶಿಕಾರಿಪುರದ ಅಕ್ಕಿ ಗಿರಣಿಗೆ ಸೇರಿ, ಗೋಣಿ ಹೊರುವುದರಿಂದ ಹಿಡಿದು ಎಂಜಿನ್ ನಡೆಸುವವರೆಗೆ ನನ್ನ ತೋಳಬಲದಿಂದಲೇ ಮೇಲೆ ಬಂದಿದ್ದೆ. ಅಲ್ಲಿ ಫಿಟರ್ ಆಗಿದ್ದವನು ಆಂಟನಿ, ಆಗಷ್ಟೇ ಫ್ರೆಂಚರ ಆಳ್ವಿಕೆ ಕಳಚಿಕೊಂಡಿದ್ದ ಮಲಬಾರ್ ಕರಾವಳಿಯ ಮಾಹೆಯವನು. ಎಂಜಿನ್ನನ್ನು ಬಯ್ಯುವುದಕ್ಕೆ ಫ್ರೆಂಚ್, ನಮ್ಮನ್ನು ಬಯ್ಯುವುದಕ್ಕೆ ಮಲಯಾಳ ಎಂದು ಭಾಷಾವಾರು ವಿಂಗಡಣೆ ಮಾಡಿಕೊಂಡಿದ್ದ. ನನಗೂ ಕಲಿಸೆಂದು ದುಂಬಾಲು ಬಿದ್ದೆ. ಊರಲ್ಲಿ ಇಂಗ್ಲಿಷ್ ಬಲ್ಲವರ ಮುಂದೆ ನಾನು ಅರೆಬರೆಯವನು. ಫ್ರೆಂಚಿನ ಮುಂದಾದರೋ ಊರಿಗೆ ಊರೇ ನನಗಿಂತ ನಿರಕ್ಷರಿ. ಅಹಂಕಾರಕ್ಕೆ ಅಷ್ಟು ಸಾಲದೇ?

ಎಂಜಿನ್ ಆರುವ ಹೊತ್ತಿನಲ್ಲಿ ನಡೆದ ಆ ಪಾಠಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನಡೆಯದೇ ಹೋದದ್ದರ ವ್ಯಾಕರಣ. ಅದನ್ನು ಕಟ್ಟುವ ಕ್ರಮ ಕಷ್ಟದ್ದಲ್ಲ. ಬಹುಪಾಲು ಕ್ರಿಯಾಪದಗಳಿಗೆ ‘ಹೊಂದಿರುವುದು’ ಎಂಬರ್ಥದ ಪದದ ಸಂಭಾವ್ಯ ರೂಪವನ್ನು ಮುಂದಿಡಬೇಕು, ಅದು ‘ಓರೆ’. ಹೋಗುವುದು, ಬರುವುದು, ಹುಟ್ಟುವುದು, ಸಾಯುವುದು ಮುಂತಾದ ಕೆಲವಕ್ಕೆ ‘ಇರುವುದು’ ಎಂಬುದರ ರೂಪ, ಅದು ‘ಸೆರೆ’. ಅದರ ಬೆನ್ನಿಗೆ ಮುಗಿದ ಕ್ರಿಯೆಯ ರೂಪ. ‘ಜ’ ಎಂದರೆ ನಾನು; ಅದು ಓರೆಯೊಡನೆ ಕೂಡಿ ‘ಜೊರೆ ಮಾಂಜೆ’ ಎಂದರೆ ಉಂಡಿರುತ್ತಿದ್ದೆ. ‘ಜ ಸೆರೆ ವೆನ್ಯು’ ಎಂದರೆ ಬಂದಿರುತ್ತಿದ್ದೆ. ಆಗದೇ ಹೋದದ್ದನ್ನೆಲ್ಲ ಓರೆಗೋ ಸೆರೆಗೋ ಹಾಕುವ ಈ ಏರ್ಪಾಡು ನನಗೆ ಬಹಳ ಸಮಂಜಸವಾಗಿ ಕಂಡಿತು. ‘ಸಿ’ ಎಂದು ಆರಂಭವಾಗುವ ‘ಆಗಿದ್ದರೆ’ಯ ಭಾಗದಲ್ಲಿ ಮಾತ್ರ ಈ ಓರೆಗೆ ಪ್ರವೇಶವಿಲ್ಲ, ಅಲ್ಲಿ ‘ಆವೆ’ ಎಂಬ ನೇರವಾದ ಭೂತಕಾಲವೇ ಕೂರಬೇಕು. ಖಚಿತವಿಲ್ಲದ ಸುದ್ದಿಯನ್ನೂ ಅಲ್ಲಿನ ಪತ್ರಿಕೆಗಳು ಇದೇ ರೂಪದಲ್ಲಿ ಅಚ್ಚು ಹಾಕುತ್ತವೆಯೆಂದು ಆಂಟನಿ ಹೇಳಿದಾಗ, ನಮ್ಮ ‘ಅಂತೆ’ಗೆ ದೂರದೇಶದಲ್ಲೊಬ್ಬ ದಾಯಾದಿಯಿರುವುದು ತಿಳಿದು ಸಂತೋಷಪಟ್ಟೆ.

ಆ ‘ಅಂತೆ’ಯೇ ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಕುಪ್ಪಗಡ್ಡೆಯ ಶಾರದೆ ಒಮ್ಮೆ ನೆಂಟರ ಮನೆಯ ಭತ್ತದ ಜೊತೆ ನಮ್ಮ ಗಿರಣಿಗೆ ಬಂದವಳು, ಬೀಳುತ್ತಿದ್ದ ಅಕ್ಕಿಯನ್ನು ಅಂಗೈಗೆ ಹಿಡಿದು, “ನುಚ್ಚು ಜಾಸ್ತಿ ಬರ್ತೈತಲ್ರೀ, ಬ್ಲೇಡು ಬಿಗಿಯಾಗೈತೆ ನೋಡ್ರಿ” ಎಂದಿದ್ದಳು. ನೋಡಿದೆ, ಆಗಿತ್ತು. ಆಮೇಲೆ ನನಗೆ ಬೇರೆ ಸಂಬಂಧ ಯಾವುದೂ ಮನಸ್ಸಿಗೆ ಬರಲಿಲ್ಲ. ಅಪ್ಪನ ಗೆಳೆಯ ಶೇಖರಪ್ಪ ಮಧ್ಯಸ್ಥಿಕೆಗೆ ಹೋದವನು, ಅವಳಿಗೆ ಆಗಲೇ ಒಬ್ಬ ಮೇಷ್ಟರ ಸಂಬಂಧ ಬಂದಿದೆಯೆಂದು ತಿಳಿದು, “ನಮ್ಮ ಹುಡುಗ ಫ್ರೆಂಚ್ ಬಲ್ಲ ಕಣ್ರೀ” ಎಂದು ಅಲ್ಲಿ ಸಾರಿ ಬಂದಿದ್ದ; ಅದು ಅವರ ಮನೆಯಲ್ಲಿ ‘ಹುಡುಗ ಫ್ರೆಂಚ್ ಬಲ್ಲನಂತೆ’ ಎಂದಾಗಿತ್ತು. ಹುಡುಗಿಯ ಸೋದರಮಾವ ರಾಮಪ್ಪ ಪಾಂಡಿಚೇರಿಯ ಬಟ್ಟೆ ಅಂಗಡಿಯಲ್ಲಿ ವರ್ಷಗಟ್ಟಲೆ ಗುಮಾಸ್ತನಾಗಿದ್ದನೆಂಬುದು, ನಾನೂ ಶೇಖರಪ್ಪನೂ ಅವರ ಜಗುಲಿಯ ಚಾಪೆಯ ಮೇಲೆ ಕೂತ ಮೇಲೆ ತಿಳಿಯಿತು.

ನಮ್ಮ ಕಡೆ ಹೆಣ್ಣು ನೋಡಲು ಹೋದ ಮನೆಯಲ್ಲಿ ಉಪ್ಪಿಟ್ಟು, ಕಾಫಿ ಆಗಬಹುದು, ಅನ್ನ ಆಗದು. ಎಲೆ ಹಾಕಿದರೆ ಹೆಣ್ಣಿನವರು ಒಪ್ಪಿದಂತೆ, ಕೂತು ಉಂಡರೆ ನಾವು ಒಪ್ಪಿದಂತೆ. ಉಪ್ಪಿಟ್ಟು ಬಂತು, ಕಾಫಿ ಬಂತು, ಲೋಟ ಒಳಗೆ ಹೋಯಿತು. ಹುಡುಗಿಯ ತಂದೆ ಹೂವಪ್ಪ ಭಾವಮೈದುನ ರಾಮಪ್ಪನ ಮುಖ ನೋಡಿದರು.

“ಓದು ಬಿಡದಿದ್ರೆ ಎಂತ ಆಗಿರ್ತಿದ್ದೆ ಮಾರಾಯ? ಫ್ರೆಂಚಲ್ಲೇ ಹೇಳು ನೋಡಾನ” ಎಂದ ರಾಮಪ್ಪ, ಎಲೆಯಡಿಕೆ ದವಡೆಗೆ ಸರಿಸುತ್ತ.

ಬಾಗಿಲ ಹಿಂದೆ ಬಳೆಯ ಸದ್ದು ನಿಂತಿತು. “ಸಿ ಜೊರೆ...” ಎಂದು ಶುರುಮಾಡಿ, ಓರೆ ಹೊಗಬಾರದ ಮನೆಗೇ ಅದನ್ನು ನುಗ್ಗಿಸಿಬಿಟ್ಟೆ.

“ತಪ್ಪು!” ರಾಮಪ್ಪ ತೊಡೆ ತಟ್ಟಿದ. “ಸಿ ಜಾವೆ ಅನ್ನಬೇಕು. ಭಾವಾ, ಇವನ ಫ್ರೆಂಚು ಗಿರಣಿ ತೌಡಿನ ಹಂಗೈತಿ.”

ಶೇಖರಪ್ಪ ಕೆಮ್ಮಿದ. ನಾನು ಸರಿಪಡಿಸಿ ಹೇಳಿದೆ: “ಸಿ ಜಾವೆ ಎತ್ಯುದಿಯೆ, ಜೊರೆ ಎತೆ...” ಓದಿದ್ದರೆ, ಆಗಿರುತ್ತಿದ್ದೆ... ಅಲ್ಲಿಗೆ ನಿಂತೆ. ಈ ಸಲ ವ್ಯಾಕರಣ ಸರಿಯಿತ್ತು, ಮುಂದಿಡಲು ಪದವಿರಲಿಲ್ಲ. ಮೇಷ್ಟರೆನ್ನಲೇ? ಅಮಲ್ದಾರನೆನ್ನಲೇ? ಇಲ್ಲದವನೊಬ್ಬನನ್ನು ನನ್ನ ಪಕ್ಕದಲ್ಲಿ ಕೂರಿಸಿ, ಅವನ ಹೆಸರಿನಲ್ಲಿ ಹೆಣ್ಣು ಕೇಳಲೇ?

“ಎಂತ? ಮುಂದೆ?”

“ಮುಂದೆ ಏನೂ ಇಲ್ಲ ಸ್ವಾಮಿ” ಎಂದೆ, ಕನ್ನಡದಲ್ಲಿ. ದನಿ ಅಗತ್ಯಕ್ಕಿಂತ ಗಟ್ಟಿಯಾಯಿತು. “ಅಪ್ಪ ಬಿದ್ದಾಗ ಓದು ಬಿಟ್ಟೆ. ನಾಳೆ ಮತ್ತೆ ಹಂಗೇ ಆದ್ರೂ ಬಿಡೋನೇ. ಆಗಿರ್ತಿದ್ದೋನು ಬೇಕಂದ್ರೆ ಬೇರೆ ಕಡೆ ನೋಡ್ರಿ, ಬಂದಿರೋನು ನಾನು.”

ಶೇಖರಪ್ಪ ಹೆಗಲ ವಲ್ಲಿ ಕೊಡವಿ ಎದ್ದು, “ಬರ್ತೀವ್ರೀ, ಬಸ್ಸಿಗೆ ಹೊತ್ತಾತು” ಎಂದ. ನಾನೂ ಎದ್ದು ಚಪ್ಪಲಿ ಹುಡುಕಿದೆ. ಹೂವಪ್ಪನವರು ನಿಲ್ಲಿ ಅನ್ನಲಿಲ್ಲ.

ಆಗ ಶಾರದೆ ಒಳಗಿಂದ ಬಂದಳು. ತೊಳೆದ ಬಾಳೆಲೆಗಳು ಕೈಯಲ್ಲಿದ್ದವು. ಯಾರ ಮುಖವನ್ನೂ ನೋಡದೆ ಗೋಡೆಯ ಉದ್ದಕ್ಕೂ ಒಂದೊಂದಾಗಿ ಹಾಸತೊಡಗಿದಳು.

“ಯಾರೇ ಹೇಳಿದ್ದು ನಿಂಗೆ?” ಹೂವಪ್ಪ ಗದರಿದರು.

“ಯಾರು ಹೇಳ್ಬೇಕು ಅಪ್ಪಯ್ಯ? ಅನ್ನ ಆಗೈತೆ.” ಕೊನೆಯ ಎಲೆಯನ್ನೂ ನೆಟ್ಟಗೆ ಹಾಸಿದಳು.

ಹಾಸಿದ ಎಲೆಯನ್ನು ಎತ್ತಿಸಿದರೆ ಮನೆಗೆ ಅವಮಾನ. ಬಿಟ್ಟರೆ ಮಾತು ಕೊಟ್ಟ ಹಾಗೆ. ಹೂವಪ್ಪ ಎಲೆಗಳನ್ನು ನೋಡಿದರು, ಮಗಳನ್ನು ನೋಡಿದರು, ನನ್ನ ಕಾಲಲ್ಲಿ ಅರ್ಧ ತೂರಿದ್ದ ಚಪ್ಪಲಿಯನ್ನೂ ನೋಡಿದರು. ಆಮೇಲೆ ಅವರು ಒಳಗಿನ ಕಡೆ ತಿರುಗಿ, “ಕೈಗೆ ನೀರು ಕೊಡ್ರೇ” ಎಂದರು.

ಮೊದಲು ಹೋಗಿ ಕೂತವನು ರಾಮಪ್ಪ. “ಬಾ ಮಾರಾಯ, ಇಲ್ಲೇ ಕೂರು” ಎಂದು ಪಕ್ಕದ ಎಲೆ ತೋರಿಸಿದ, “ಉಣ್ಣಾಕೆ ವ್ಯಾಕರಣ ಬ್ಯಾಡ.” ನಾನು ಚಪ್ಪಲಿ ಬಿಟ್ಟು, ಕೈ ತೊಳೆದು, ಕೂತು ಉಂಡೆ.

ಜನ ಇಂದಿಗೂ ‘ಏನೋ ಆಗಿರ್ತಿದ್ರಿ’ ಎನ್ನುತ್ತಾರೆ. ಇರಬಹುದು ಎಂದು ತಲೆಯಾಡಿಸುತ್ತೇನೆ. ಆ ‘ಆಗಿರ್ತಿದ್ದೋನ’ ಪರಿಚಯ ನನಗಿಲ್ಲ. ನನಗೆ ಈಗ ಗಿರಣಿಯಲ್ಲಿ ಅರ್ಧ ಪಾಲಿದೆ, ಎರಡು ಎಕರೆ ಗದ್ದೆಯಿದೆ, ಮೂವರು ಮಕ್ಕಳಿದ್ದಾರೆ, ಶಾರದೆ ಇದ್ದಾಳೆ.