ದೇವೀರಿಯ ತಪ್ಪು ಉತ್ತರಗಳು

ಈ ಬೆಳಗ್ಗೆ ಪಕ್ಕದ ಮನೆಯಾಕೆ ಬೇಲಿಗೆ ಹಬ್ಬಿದ್ದ ತೊಂಡೆಬಳ್ಳಿಯನ್ನು ಕಿತ್ತು ಹಾಕುತ್ತಿದ್ದಳು. ನಾನು ಸುಮ್ಮನೆ ಒಂದೆರಡು ಎಲೆ ತೆಗೆದುಕೊಂಡು ಅಂಗೈಯಲ್ಲಿ ಹೊಸಕಿದೆ. ಆ ಹಸಿ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಮೇಷ್ಟ್ರಾಗಿದ್ದ ಹಂಪಾಪುರದ ಶಾಲೆಯ ಕರಿಹಲಗೆ ಕಣ್ಣೆದುರು ನಿಂತಿತು. ಹಳ್ಳಿ ಶಾಲೆಯಲ್ಲಿ ಓದಿದವರು ನೀವಾದರೆ ಹೆಚ್ಚು ಹೇಳಬೇಕಿಲ್ಲ. ಇದ್ದಿಲು ಕುಟ್ಟಿ, ತೊಂಡೆಸೊಪ್ಪಿನ ರಸದಲ್ಲಿ ಕಲಸಿ, ವಾರಕ್ಕೊಮ್ಮೆ ಹಲಗೆಗೆ ತಿಕ್ಕುತ್ತಿದ್ದೆವು. ಹಲಗೆಯ ಜೊತೆಗೆ ಮಕ್ಕಳ ಕೈ, ಮೂಗು, ಎಷ್ಟೋ ಸಲ ಮೇಷ್ಟರ ಪಂಚೆಯೂ ಕಪ್ಪಾಗುತ್ತಿತ್ತು.

ಅದು ಮಹಾರಾಜರ ಕಾಲ. ನನಗೆ ಇಪ್ಪತ್ತಮೂರು ವರ್ಷ. ಮೈಸೂರಿನಲ್ಲಿ ಟ್ರೈನಿಂಗ್ ಮುಗಿಸಿ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಹೊರಟಾಗ ಗೆಳೆಯರು ಚಳಿಜ್ವರದ ಹೆಸರು ಹೇಳಿ ಹೆದರಿಸಿದ್ದರು. ಜ್ವರವೂ ಬಂತು, ಹೋಯಿತು. ಆದರೆ ಎಲ್ಲ ಬಲ್ಲೆನೆಂಬ ನನ್ನ ಹಮ್ಮು ಮಾತ್ರ ಬಹಳ ದಿನ ಇಳಿಯಲಿಲ್ಲ. ನಾಲ್ಕು ತರಗತಿ, ಒಂದು ಕೋಣೆ, ಒಬ್ಬನೇ ಮೇಷ್ಟ್ರು. ತಲೆಯ ಮೇಲೆ ಪೇಟ, ಜೇಬಿನಲ್ಲಿ ಫೌಂಟನ್ ಪೆನ್ನು. ಪೆನ್ನಿನಲ್ಲಿ ಶಾಯಿ ಇರುತ್ತಿದ್ದುದು ಅಪರೂಪ, ಆದರೆ ಅದು ನೋಡುವವರಿಗೆ ಕಾಣುತ್ತಿರಲಿಲ್ಲವಲ್ಲ.

ದೇವೀರಿ ಶಾಲೆಗೆ ಸೇರಿದವಳಲ್ಲ, ಬಂದು ಕೂತವಳು. ಊರಿನ ಮರೀಗೌಡರ ಒಬ್ಬಳೇ ಮಗಳು. ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದಳು. ಸಾಕಿದವಳು ಅಜ್ಜಿ ಕಾಳಮ್ಮ, ಮರೀಗೌಡರ ತಾಯಿ. ಶಾಲೆಯ ಪಕ್ಕದ ಕಣದಲ್ಲಿ ಅಜ್ಜಿ ಹುರುಳಿ ಒಣಹಾಕಿ ಕಾಯುತ್ತಿದ್ದರೆ ಮೊಮ್ಮಗಳು ನಮ್ಮ ಬಾಗಿಲ ಹೊಸ್ತಿಲಲ್ಲಿ ಹುಣಸೆ ಬೀಜ ಹರಡಿಕೊಂಡು ಆಡುತ್ತಿದ್ದಳು. ಆರು ವರ್ಷ ಇನ್ನೂ ತುಂಬಿರಲಿಲ್ಲ. ಒಂದು ದಿನ ಅವಳು ಆಟದ ನಡುವೆ ತಲೆಯೆತ್ತದೆ, ನನಗೋ ಬೀಜಕ್ಕೋ ತಿಳಿಯದಂತೆ, ಹತ್ತು ಸಲ ಹಾಕಿದರೆ ನೂರಾಗುತ್ತದೆ ಎಂದಳು. ಏನು ಎಂದು ಬಗ್ಗಿ ನೋಡಿದೆ. ಒಂದು ಬೀಜ ಇಟ್ಟಿದ್ದಳು. ಅದರ ಎರಡು ಮಗ್ಗುಲಿಗೆ ಮೂರು ಬೀಜ ಸೇರಿಸಿ ಚೌಕ ಮಾಡಿದ್ದಳು. ಆಮೇಲೆ ಐದು, ಆಮೇಲೆ ಏಳು. ಪ್ರತಿ ಸಲವೂ ಚೌಕವೇ. ಅವಳ ಹತ್ತಿರ ಇದ್ದದ್ದು ಹದಿನೆಂಟೋ ಇಪ್ಪತ್ತೋ ಬೀಜ. ಉಳಿದ ಎಂಬತ್ತನ್ನು ಅವಳು ತಲೆಯಲ್ಲೇ ಜೋಡಿಸಿದ್ದಳು.

ನಾನು ಟ್ರೈನಿಂಗಿನಲ್ಲಿ ಇದನ್ನು ಓದಿದ್ದೆ. ಓದಿದ್ದೆ ಅಷ್ಟೇ; ಕಂಡಿರಲಿಲ್ಲ.

ಮರುದಿನವೇ ಅವಳನ್ನು ನಾಲ್ಕನೇ ತರಗತಿಯವರ ಜೊತೆ ಕೂರಿಸಿದೆ. ಹನ್ನೊಂದು ಹನ್ನೆರಡು ವರ್ಷದ ಹುಡುಗರ ನಡುವೆ ಅವಳ ತಲೆಯೇ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಕೇಳುತ್ತಿತ್ತು. ಮೂರು ತಿಂಗಳಲ್ಲಿ ಅಕ್ಷರ, ಮಗ್ಗಿ, ಭಿನ್ನರಾಶಿ ಎಲ್ಲ ಮುಗಿಸಿದಳು. ಶಾನುಭೋಗರು ಬರಲಿ, ಶೇಕದಾರರು ಬರಲಿ, ಸಂತೆಗೆಂದು ಬಂದ ಸರಗೂರಿನ ಅಂಗಡಿಯವರೇ ಬರಲಿ, ನಾನು ಅವಳನ್ನು ಎಬ್ಬಿಸಿ ನಿಲ್ಲಿಸಿ ಲೆಕ್ಕ ಕೇಳುತ್ತಿದ್ದೆ. ಅವಳು ಉತ್ತರ ಹೇಳುತ್ತಿದ್ದಳು. ಹೊಗಳಿಕೆ ನನಗೆ ಬರುತ್ತಿತ್ತು. ಕೋಲೆಬಸವ ಆಡಿಸುವವನಿಗೂ ನನಗೂ ಇದ್ದ ವ್ಯತ್ಯಾಸವೆಂದರೆ ನನ್ನ ಕೈಯಲ್ಲಿ ವಾಲಗವಿರಲಿಲ್ಲ. ಹುಡುಗರು ಅವಳನ್ನು ಆಟಕ್ಕೆ ಸೇರಿಸುತ್ತಿರಲಿಲ್ಲ. ಅವಳ ವಯಸ್ಸಿನ ಮಕ್ಕಳೂ ದೊಡ್ಡ ತರಗತಿಯವಳೆಂದು ದೂರ ಇಟ್ಟರು. ಅದು ನನಗೆ ಕಂಡಿತ್ತು, ಆದರೆ ದೊಡ್ಡದೆನಿಸಲಿಲ್ಲ.

ಆ ವರ್ಷ ಇನ್ಸ್‌ಪೆಕ್ಟರ್ ಸಾಹೇಬರು ತನಿಖೆಗೆ ಬಂದರು. ಅರ್ಧ ಗಂಟೆ ಅವಳನ್ನೇ ಪರೀಕ್ಷೆ ಮಾಡಿದರು. ಹೋಗುವಾಗ ಮರೀಗೌಡರನ್ನು ಕರೆಸಿ, ಇಂಥ ಮಗು ಹಳ್ಳಿಯಲ್ಲಿ ಇರಬಾರದು, ಮೈಸೂರಿನಲ್ಲಿ ವಸತಿಯಿರುವ ಹೆಣ್ಣುಮಕ್ಕಳ ಶಾಲೆಗೆ ತಾನೇ ಸೇರಿಸುತ್ತೇನೆ, ಖರ್ಚೆಲ್ಲ ಸರ್ಕಾರದ್ದು ಎಂದರು. ಮರೀಗೌಡರು ಕೈಕಟ್ಟಿ ನಿಂತವರು ಬಿಚ್ಚಲಿಲ್ಲ. ಆರು ವರ್ಷದ ಮಗುವನ್ನು ಹೇಗೆ ಬಿಟ್ಟಿರುವುದು ಎಂದು ಆಮೇಲೆ ನನ್ನನ್ನು ಕೇಳಿದರು. ನಾನು ಸಾಯಂಕಾಲವಿಡೀ ಅವರ ಜಗಲಿಯಲ್ಲಿ ಕೂತು ಒಪ್ಪಿಸಿದೆ. ಒಳ್ಳೆಯ ಊಟ, ಒಳ್ಳೆಯ ಬಟ್ಟೆ, ದೊಡ್ಡ ದೊಡ್ಡ ಉಪಾಧ್ಯಾಯಿನಿಯರು. ಇಲಾಖೆಯ ವರದಿಯಲ್ಲಿ ನನ್ನ ಹೆಸರು ಬರುವುದನ್ನೂ ಮನಸ್ಸು ಆಗಲೇ ಓದಿಕೊಂಡಿತ್ತು. ಅದನ್ನು ಮಾತ್ರ ಹೇಳಲಿಲ್ಲ. ಕೊನೆಗೆ ಅವರು ಹೂಂ ಎಂದರು. ಬಾಗಿಲ ಹಿಂದೆ ನಿಂತಿದ್ದ ಕಾಳಮ್ಮ ಒಳಗೆ ಹೋದಳು.

ಆ ವಾರದಿಂದ ದೇವೀರಿಯ ಲೆಕ್ಕಗಳು ತಪ್ಪತೊಡಗಿದವು.

ಮೊದಲು ಜ್ವರವೇನೋ ಎಂದುಕೊಂಡೆ. ಆಮೇಲೆ ಗದರಿಸಿದೆ. ಒಂದು ದಿನ, ನಾಚಿಕೆಯಿಂದ ಹೇಳುತ್ತಿದ್ದೇನೆ, ಹುಡುಗರ ಮುಂದೆ ಮೂಲೆಯಲ್ಲಿ ನಿಲ್ಲಿಸಿದೆ. ಅವಳು ಅಳಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳ ಸ್ಲೇಟನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ನೂರಾ ಎಂಟು ಇರಬೇಕಾದಲ್ಲಿ ನೂರಾ ಒಂಬತ್ತು. ಐವತ್ತಾರರ ಜಾಗದಲ್ಲಿ ಐವತ್ತೇಳು. ಹದಿಮೂರಕ್ಕೆ ಹದಿನಾಲ್ಕು. ಎಂಟು ಲೆಕ್ಕ, ಎಂಟೂ ತಪ್ಪು, ಎಂಟರಲ್ಲೂ ಒಂದೇ ಒಂದು ಹೆಚ್ಚು. ಸರಿ ಉತ್ತರ ಗೊತ್ತಿಲ್ಲದವರು ಹೀಗೆ ತಪ್ಪು ಮಾಡಲಾರರು.

ಎದ್ದು ಕಣಕ್ಕೆ ಹೋದೆ. ಅಜ್ಜಿ ಹುರುಳಿ ಕೇರುತ್ತಿದ್ದಳು, ಮೊಮ್ಮಗಳು ಪಕ್ಕದಲ್ಲಿ ಕಲ್ಲು ಆರಿಸುತ್ತಿದ್ದಳು. ನಾನು ನೆಲದ ಮೇಲೆ ಕೂತು, ಬೇಕೆಂದೇ ತಪ್ಪು ಬರೆದೆಯಾ ಎಂದು ಮೆಲ್ಲಗೆ ಕೇಳಿದೆ. ಅವಳು ಕಲ್ಲು ಆರಿಸುತ್ತಲೇ ಹೇಳಿದಳು:

“ತಪ್ಪೇಳಿದ್ರೆ ದಡ್ಡಿ ಅಂತ ಮೈಸೂರ್ಗೆ ಕಳ್ಸಾಕಿಲ್ಲ ಅಂದ್ಕಂಡೆ ಮೇಷ್ಟ್ರೆ.”

ಕಾಳಮ್ಮ ಮೊರವನ್ನು ಪಕ್ಕಕ್ಕಿಟ್ಟಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

“ಇವ್ಳು ಇವತ್ಗೂ ನನ್ ಸೆರಗಿಡ್ಕಂಡೇ ಮನಗಾದು ಕಣಪ್ಪ. ಸೆರಗು ಜಾರುದ್ರೆ ಎಚ್ರಾಯ್ತಳೆ. ಆ ಇಸ್ಕೂಲ್ನಲ್ಲಿ ಯಾರ್ ಸೆರಗು ಕೊಟ್ಟೀರಿ?”

ಮರುದಿನ ಇನ್ಸ್‌ಪೆಕ್ಟರರಿಗೆ ಕಾಗದ ಬರೆದೆ. ಮಗು ಈಗ ಬರುವುದಿಲ್ಲ, ತಪ್ಪು ನನ್ನದು ಎಂದು. ಅವರ ಉತ್ತರ ಚಿಕ್ಕದಾಗಿತ್ತು: ಈ ಬುದ್ಧಿ ಅಲ್ಲಿ ಮಣ್ಣುಪಾಲಾದರೆ ಹೊಣೆ ನಿಮ್ಮದು. ಆ ಒಂದು ಸಾಲನ್ನು ನಾನು ಎಷ್ಟು ವರ್ಷ ಹೊತ್ತೆನೋ. ಅವರು ಕೆಟ್ಟವರಲ್ಲ, ಮಗುವಿನ ಒಳ್ಳೆಯದನ್ನೇ ಬಯಸಿದ್ದರು. ಆದ್ದರಿಂದಲೇ ಆ ಮಾತು ಚುಚ್ಚುತ್ತಿತ್ತು.

ಆಮೇಲೆ ನಾನು, ಮರೀಗೌಡರು, ಕಾಳಮ್ಮ ಕೂತು ಒಂದು ಏರ್ಪಾಟು ಮಾಡಿಕೊಂಡೆವು. ಬೆಳಗ್ಗೆ ಅವಳು ತನ್ನ ವಯಸ್ಸಿನ ಮಕ್ಕಳ ಜೊತೆ ಒಂದನೇ ತರಗತಿಯಲ್ಲಿ ಕೂರಬೇಕು. ಹಾಡಬೇಕು, ಕುಂಟೆಬಿಲ್ಲೆ ಆಡಬೇಕು, ಜಗಳವಾಡಬೇಕು. ಶಾಲೆ ಬಿಟ್ಟ ಮೇಲೆ ಒಂದು ಗಂಟೆ ನನ್ನ ಹತ್ತಿರ, ಅವಳಿಗೆ ಬೇಕಾದ ಲೆಕ್ಕ. ಬಂದವರ ಮುಂದೆ ನಿಲ್ಲಿಸುವುದಿಲ್ಲವೆಂದು ನಾನು ಮಾತು ಕೊಟ್ಟೆ. ಕುಂಟೆಬಿಲ್ಲೆಯಲ್ಲಿ ಅವಳು ಸದಾ ಸೋಲುತ್ತಿದ್ದಳು. ಸೋತು ನಗುವುದನ್ನು ಕಲಿಯಲು ಒಂದು ವರ್ಷ ಹಿಡಿಯಿತು. ಹಿಂದೆ ಭಿನ್ನರಾಶಿಗೆ ಹಿಡಿದಿದ್ದದ್ದು ಒಂಬತ್ತೇ ದಿನ.

ಕಷ್ಟವಾದದ್ದು ನನಗೆ. ಮೈಸೂರಿನ ಗೆಳೆಯನಿಂದ ಹೈಸ್ಕೂಲಿನ ಬೀಜಗಣಿತ, ರೇಖಾಗಣಿತದ ಪುಸ್ತಕ ತರಿಸಿ, ಬೆಳಗ್ಗೆ ನಾನು ಕಲಿತದ್ದನ್ನು ಸಾಯಂಕಾಲ ಅವಳಿಗೆ ಹೇಳುತ್ತಿದ್ದೆ. ನಾನು ಒಂದು ಪಾಠ ಮುಂದಿರುತ್ತಿದ್ದೆ, ಆಮೇಲೆ ಅರ್ಧ ಪಾಠ. ಅವಳಿಗೆ ಹತ್ತು ತುಂಬುವ ಹೊತ್ತಿಗೆ ಅದೂ ಇಲ್ಲ. ಒಂದು ದಿನ ಕೇಳಿದಳು, ಒಂದನ್ನೂ ತನ್ನನ್ನೂ ಬಿಟ್ಟು ಬೇರಾವುದರಿಂದಲೂ ಭಾಗವಾಗದ ಸಂಖ್ಯೆಗಳು ಎಲ್ಲಾದರೂ ಮುಗಿಯುತ್ತವೆಯೇ, ಹೋಗುತ್ತಲೇ ಇರುತ್ತವೆಯೇ ಎಂದು. ನಾನು ಪೇಟ ತೆಗೆದು ತಲೆ ಕೆರೆದುಕೊಂಡೆ. ಗೊತ್ತಿಲ್ಲ ಕಣಮ್ಮ ಎಂದೆ. ಮೇಷ್ಟರ ಬಾಯಲ್ಲಿ ಅಂಥ ಮಾತು ಬರಬಾರದ ಕಾಲ ಅದು. ಅವಳ ಮುಖ ಮಾತ್ರ ಅರಳಿತು.

“ನಿಮ್ಗೂ ಗೊತ್ತಿಲ್ವಾ? ಗೊತ್ತಿರೋರು ಎಲ್ಲವ್ರೆ ಮೇಷ್ಟ್ರೆ?”

ಮೈಸೂರಿನಲ್ಲಿ ಇರಬಹುದು ಎಂದೆ. ಅವಳು ಎದ್ದು ಅಜ್ಜಿಯ ಹತ್ತಿರ ಹೋಗಿ, ನಾವು ಮೈಸೂರಿಗೆ ಹೋಗೋಣವೇ ಎಂದು ಕೇಳಿದಳು. ‘ನಾನು’ ಅಲ್ಲ, ‘ನಾವು’.

ಕಾಳಮ್ಮ ಅದುವರೆಗೆ ಮೈಸೂರನ್ನು ನೋಡಿರಲಿಲ್ಲ. ಅರವತ್ತು ದಾಟಿದ ಮೇಲೆ ಅಲ್ಲಿ ಒಂದು ಕೋಣೆಯಲ್ಲಿ ಮೊಮ್ಮಗಳ ಜೊತೆ ಏಳು ವರ್ಷ ಇದ್ದಳು. ಮರೀಗೌಡರು ತಿಂಗಳಿಗೊಮ್ಮೆ ರಾಗಿ ಹೊತ್ತು ಹೋಗಿಬರುತ್ತಿದ್ದರು. ನಲ್ಲಿ ನೀರಿಗೆ ರುಚಿಯಿಲ್ಲ ಎಂಬುದೊಂದೇ ಮುದುಕಿಯ ದೂರು.

ದೇವೀರಿ ಜಗತ್ತು ಹೊಗಳುವ ವಿದುಷಿಯಾಗಲಿಲ್ಲ. ಕಾಲೇಜು ಮುಗಿಸಿ ಹೈಸ್ಕೂಲಿನಲ್ಲಿ ಗಣಿತದ ಉಪಾಧ್ಯಾಯಿನಿಯಾದಳು, ಈಗ ಕೃಷ್ಣರಾಜನಗರದಲ್ಲಿದ್ದಾಳೆ. ಒಮ್ಮೆ ಅವಳು ಬಂದಿದ್ದಾಗ ಧೈರ್ಯ ಮಾಡಿ ಕೇಳಿದೆ, ಆರನೇ ವಯಸ್ಸಿಗೇ ಕಳಿಸಿದ್ದರೆ ಇನ್ನೂ ದೊಡ್ಡದೇನಾದರೂ ಆಗುತ್ತಿದ್ದೆಯೇನೋ ಎಂದು. ನನಗೆ ಸಮಾಧಾನ ಹೇಳಿಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಯೋಚಿಸಿದಳು.

“ಇರಬಹುದು ಮೇಷ್ಟ್ರೆ. ಇಲ್ಲ ಅಂತ ಹೇಗೆ ಹೇಳಲಿ? ಆದರೆ ಆ ದೊಡ್ಡವಳು ನಿಮ್ಮನ್ನ ನೋಡೋಕೆ ಬರ್ತಿದ್ದಳೋ ಇಲ್ಲವೋ.”

ನಾನು ಮತ್ತೆ ಕೇಳಲಿಲ್ಲ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂಬುದು ತೀರ್ಮಾನವಾಗದ ಸಂಗತಿಯಾಗಿಯೇ ಉಳಿಯಿತು. ಮಕ್ಕಳ ವಿಷಯದಲ್ಲಿ ಎರಡು ದಾರಿಯನ್ನೂ ನಡೆದು ನೋಡಿ ಹೇಳುವ ಭಾಗ್ಯ ಯಾರಿಗೂ ಇಲ್ಲ.

ಹೋದ ವಾರ ಅವಳ ಕಾಗದ ಬಂದಿದೆ. ಪಕ್ಕದ ಬೀದಿಯಲ್ಲಿ ಐದು ವರ್ಷದ ಒಂದು ಹೆಣ್ಣುಮಗು ಇದೆಯಂತೆ; ಒಮ್ಮೆ ಕೇಳಿದ್ದನ್ನು ಮರೆಯುವುದಿಲ್ಲವಂತೆ. ತಂದೆ ಒಂದು ಹೇಳುತ್ತಾನೆ, ಶಾಲೆಯವರು ಒಂದು ಹೇಳುತ್ತಾರೆ, ಏನು ಮಾಡಬೇಕೋ ತಿಳಿಯದು, ನೀವು ಹೇಳಿ ಎಂದು ಬರೆದಿದ್ದಾಳೆ. ನಾಲ್ಕು ದಿನ ಉತ್ತರ ಬರೆಯಲು ಕೂತೆ. ಎರಡು ಹಾಳೆ ಉಪದೇಶ ಬರೆದು ಹರಿದೆ. ಆ ಮಗುವಿನ ಹೆಸರು ಕೂಡ ನನಗೆ ಗೊತ್ತಿಲ್ಲವಲ್ಲ.

ನಾಳೆ ಮೊದಲ ಬಸ್ಸಿಗೆ ಅವಳ ಊರಿಗೆ ಹೊರಟಿದ್ದೇನೆ. ಮೈಸೂರಿನಲ್ಲಿ ಇಳಿದು ರೈಲು ಹತ್ತಬೇಕು. ಮಂಡಿನೋವಿದೆ, ಬೇಡ ಎಂದು ಮನೆಯವರು ಹೇಳುತ್ತಿದ್ದಾರೆ. ಎರಡು ದಿನ ಆ ಮಗು ಆಡುವಲ್ಲಿ ಸುಮ್ಮನೆ ಕೂತಿದ್ದು ಬರುತ್ತೇನೆ ಎಂದಿದ್ದೇನೆ. ಏನು ಕಲಿಸಬೇಕೆಂಬುದನ್ನು ಆಮೇಲೆ ಯೋಚಿಸಿದರಾಯಿತು.