ಸೂರಿಗಂಟಿದ ಚೀಲ

ಕೊಡೆ ರಿಪೇರಿಯವನು ಸತ್ತ ಮೇಲೂ ಬೀದಿ ಅವನನ್ನು ‘ತೂತು ಬಲೂನು’ ಎಂದೇ ಕರೆಯಿತು. ಬಟ್ಟೆ ಹೊಲಿದು ಬಲೂನು ಮಾಡುವ ಹುಚ್ಚು ಅವನಿಗೆ. ಗ್ಯಾಸು ಸೋರಿ ಎಲ್ಲವೂ ಯಾರದೋ ಮಾಳಿಗೆ ಮೇಲೆ ಬಿದ್ದವು. ಕೊನೆಯದು ಬಿಳಿ ರೇಷ್ಮೆಯದು. ಹೊಲಿದು ಮುಗಿಸಿದ. ಗ್ಯಾಸು ಸೋರದಂತೆ ಲೇಪ ಹಚ್ಚುವ ಮೊದಲೇ ಎದೆ ಹಿಡಿದು ಕುಳಿತ. ಏಳಲಿಲ್ಲ.

ಹೆಂಡತಿಗೆ ಬೇಕಾದದ್ದು ಇಷ್ಟೇ: ಇದೊಂದು ಸೋರಬಾರದು. ಸತ್ತವನ ಹೆಸರಿಗೆ ಅಂಟಿದ ತೂತು ಮುಚ್ಚಬೇಕು.

ಮೈದುನನಿಗೆ ಪಂಕ್ಚರ್ ಅಂಗಡಿ. ಟ್ಯೂಬಿಗೆ ಹಚ್ಚುವ ಸಲ್ಯೂಷನ್ನೇ ಇದಕ್ಕೂ ಸರಿ, ತಾನೇ ಹಚ್ಚಿಕೊಡುತ್ತೇನೆ ಎಂದ. ಅಣ್ಣ ಇದ್ದಾಗ ನಕ್ಕವರಲ್ಲಿ ಇವನೇ ಮೊದಲಿಗ. ಈಗೆಲ್ಲಿಂದ ಬಂತು ಅಕ್ಕರೆ?

ಯಾವ ಲೇಪ ಸೋರದೆಂದು ನೋಡಲು ಅವಳು ಒಂದೇ ಅಳತೆಯ ಮೂರು ಚೀಲ ಹೊಲಿದಳು. ಒಂದಕ್ಕೆ ಮೇಣ, ಒಂದಕ್ಕೆ ಕಾಯಿಸಿದ ಅಗಸೆ ಎಣ್ಣೆ ಹಚ್ಚಿದಳು. ಇನ್ನೊಂದನ್ನು ಸಲ್ಯೂಷನ್ ಹಚ್ಚಲು ಮೈದುನನಿಗೆ ಕೊಟ್ಟಳು. ಒಣಗಿದ ಮೇಲೆ, ಗಂಡ ಮಾಡುತ್ತಿದ್ದಂತೆ, ಬಟ್ಟೆಯನ್ನು ತುಟಿಗೊತ್ತಿ ಊದಿದಳು. ಯಾವುದರಲ್ಲೂ ಉಸಿರು ತೂರಲಿಲ್ಲ. ಆದರೆ ಗ್ಯಾಸು ಉಸಿರಿಗಿಂತ ಕಳ್ಳ ಎನ್ನುತ್ತಿದ್ದ ಅವನು. ಬಲೂನು ಮಾರುವವನ ಹತ್ತಿರ ಗ್ಯಾಸು ತುಂಬಿಸಿ, ತಾನೇ ದಾರ ಬಿಗಿದು ಕೋಣೆಯಲ್ಲಿ ಬಿಟ್ಟಳು. ಮೂರೂ ಸೂರಿಗಂಟಿದವು. ಮೈದುನ ಕಾಯುತ್ತೇನೆಂದ. ಅವಳು ಮನೆಗೆಲಸಕ್ಕೆ ಹೋದಳು.

ಸಂಜೆ ಬಂದರೆ ಮೇಣದ್ದು ಬಟ್ಟೆಯ ಮಡಿಕೆಯಲ್ಲಿ ಬಿರಿದು ನೆಲ ಕಂಡಿತ್ತು. ಎಣ್ಣೆಯದು ತಲೆ ತಾಗುವಷ್ಟು ಇಳಿದಿತ್ತು. ಸಲ್ಯೂಷನ್ನಿನದು ಸೂರು ಬಿಟ್ಟಿರಲಿಲ್ಲ.

“ನೋಡಿದ್ರಾ ಅತ್ತಿಗೆ, ಪಂಕ್ಚರ್‌ನವನ ಕೈಗುಣ,” ಎಂದ ಮೈದುನ.

ಅವಳು ಸ್ಟೂಲು ಹತ್ತಿದಳು. ಕೊಡೆ ಕಡ್ಡಿಗೆ ಬಟ್ಟೆ ಕಟ್ಟುವಾಗ ಗಂಡ ದಾರದ ತುದಿಯನ್ನು ಸುತ್ತಿನೊಳಗೆ ಸಿಕ್ಕಿಸುತ್ತಿದ್ದ. ಅವಳ ಗಂಟೂ ಹಾಗೇ. ಈ ಚೀಲದಲ್ಲಿ ತುದಿ ಹೊರಗೆ ನೇತಾಡುತ್ತಿತ್ತು.

“ಬಿಚ್ಚಿ ಮತ್ತೆ ಗ್ಯಾಸು ತುಂಬ್ಸಿದ್ಯಾ?”

ಅವನು ಒಪ್ಪಿಕೊಂಡ. ಸಲ್ಯೂಷನ್ ಸಾಲದೆ ಪೆಟ್ರೋಲು ಬೆರೆಸಿ ತೆಳ್ಳಗೆ ಹಚ್ಚಿದ್ದನಂತೆ. ಮಧ್ಯಾಹ್ನವೇ ಕೆಳಗೆ ಬಿತ್ತಂತೆ.

“ಅಣ್ಣನ್ ಬಲೂನು ಹಾರಿಸ್ದೋನು ತಮ್ಮ ಅಂತ ಜನ ಅನ್ಲಿ ಅಂತ ಇತ್ತು.”

“ಅದು ಬಿದ್ದಿದ್ರೆ ನಿಮ್ಮಣ್ಣನಿಗೇ ಅಂತಿದ್ರು. ನಿನಗಲ್ಲ.”

ರೇಷ್ಮೆಗೆ ಅವಳೇ ಎಣ್ಣೆ ಹಚ್ಚಿದಳು, ಒಂದು ಪದರ ಒಣಗಿದ ಮೇಲೆ ಇನ್ನೊಂದು. ಮಡಿಸಿಟ್ಟರೆ ಎಣ್ಣೆ ಬಟ್ಟೆ ಒಳಗೊಳಗೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹಗ್ಗದ ಮೇಲೆ ಅಗಲಕ್ಕೆ ಹರವಿದಳು. ಮೈದುನ ಬಂದು ಒಂದು ಅಂಚು ಹಿಡಿದುಕೊಳ್ಳಲೇ ಎಂದ. ಹಿಡಿಯಲು ಬಿಟ್ಟಳು. ಗ್ಯಾಸು ತುಂಬಿಸಿದ ಮೇಲೆ ಗಂಟು ಮಾತ್ರ ತಾನೇ ಹಾಕಿದಳು.

ಬಲೂನು ಎಲ್ಲ ಮಾಳಿಗೆಗಳನ್ನೂ ದಾಟಿತು. ಬೀದಿ ಕತ್ತೆತ್ತಿ ನೋಡಿತು. ಅವಳಿಗೆ ಒಂದು ಕಣ್ಣು ಅದರ ಮೇಲೆ, ಇನ್ನೊಂದು ಮೈದುನನ ಕೈ ಮೇಲೆ.