ಮಲ್ಲಣ್ಣನ ಕಾಬೂಲಿ ಗೆಳೆಯ

ಹಾಲಿಲ್ಲದ ಚಹಾ ನನಗೆ ಸೇರುವುದಿಲ್ಲ, ಓದುಗ ಮಿತ್ರರೇ. ಅದನ್ನು ಚಹಾ ಎಂದು ಕರೆಯುವುದಕ್ಕೇ ನನ್ನ ತಕರಾರಿದೆ. ಆದರೂ ಶಹಾಪುರದ ಬಸ್ ನಿಲ್ದಾಣದ ಹಿಂದಿರುವ ಮಲ್ಲಣ್ಣನ ಖಾನಾವಳಿಗೆ ಹೋದಾಗಲೆಲ್ಲ, ಅವನು ಕಾಬೂಲಿನ ರೀತಿಯಲ್ಲಿ ಹಸಿರು ಚಹಾದ ಎಲೆ ಕುದಿಸಿ, ಏಲಕ್ಕಿ ಜಜ್ಜಿ ಹಾಕಿ, ಗಾಜಿನ ಲೋಟದಲ್ಲಿ ತಂದಿಡುವ ಆ ತಿಳಿಹಳದಿ ನೀರನ್ನು ಮುಖ ಕಿವಿಚದೆ ಕುಡಿಯುತ್ತೇನೆ. "ಕುಡೀರಿ ಅಕ್ಕೋರ, ರೊಟ್ಟಿ ಉಂಡ ಮ್ಯಾಲ ಇದು ಭಾಳ ಛಲೋ," ಎನ್ನುತ್ತಾನೆ. ನಮ್ಮ ಕಡೆ ಸಾಲೆಯಲ್ಲಿ ಕಲಿಸಿದ ಹೆಣ್ಣುಮಗಳನ್ನು, ಆಕೆ ನಿವೃತ್ತಳಾಗಿ ತಲೆ ನರೆತ ಮೇಲೂ, ಅಕ್ಕೋರು ಎಂದೇ ಕರೆಯುತ್ತಾರೆ. ನಾನು ಮಲ್ಲಣ್ಣನಿಗೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು. ನಿಜ ಹೇಳಬೇಕೆಂದರೆ, ಕಲಿಸಲು ಹೆಣಗಿ ಸೋತವಳು.

ನನ್ನ ಕೈಯಲ್ಲಿ ಬಗ್ಗದ ಇಂಗ್ಲಿಷ್ ಅವನಿಗೆ ಒಲಿದದ್ದು ಕಾಬೂಲಿನ ಹತ್ತಿರದ ಸೈನಿಕ ಬಿಡಾರವೊಂದರಲ್ಲಿ. ಶಹಾಪುರದ ಪಕ್ಕದ ತನ್ನೂರು ಗೋಗಿಯ ಮದುವೆಮನೆಗಳಲ್ಲಿ ಅಡುಗೆ ಕಲಿತವನು ಏಜೆಂಟನೊಬ್ಬನ ಮಾತು ನಂಬಿ ದುಬೈಗೆ ಹೋಗಿ, ಅಲ್ಲಿಂದ ಅಮೆರಿಕದ ಸೈನಿಕರಿಗೆ ಬ್ರೆಡ್ಡು ಸುಡುವ ಕೆಲಸಕ್ಕೆ ಸೇರಿದ್ದ. ಭಯೋತ್ಪಾದನೆಯನ್ನು ಬೇರುಸಹಿತ ಕಿತ್ತು ಹಾಕುತ್ತೇವೆಂದು ಸಾಗರ ದಾಟಿ ಬಂದ ಮಹಾಸೇನೆಗೂ ಆಲೂಗಡ್ಡೆ ಸುಲಿಯುವುದಕ್ಕೆ ಬಡ ದೇಶಗಳ ಕೈಗಳೇ ಬೇಕು ಎಂಬುದು ಯಾವ ಟಿವಿ ಚರ್ಚೆಯಲ್ಲೂ ಬರುವುದಿಲ್ಲ ನೋಡಿ. ಮಲ್ಲಣ್ಣ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಮಾಂಸ ಮುಟ್ಟುವವನಲ್ಲ. ಹೇಳಿದರೆ ಎಲ್ಲಿ ಕೆಲಸ ಹೋದೀತೋ ಎಂದು ಅಂಜಿ ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ. ಪಾತ್ರೆ ತೊಳೆಯುವ ನೂರ್ ಎಂಬ ಅಲ್ಲಿಯವನೊಬ್ಬ ಮಾತ್ರ, ಇವನು ಬರೀ ಬ್ರೆಡ್ಡು, ಉಪ್ಪಿನಕಾಯಿಯಲ್ಲಿ ದಿನ ನೂಕುವುದನ್ನು ಕಂಡು, ಸಣ್ಣದೊಂದು ಬೋಗುಣಿಯನ್ನು ಬೇರೆಯಾಗಿ ತಿಕ್ಕಿ ತಂದು, ಇದರಲ್ಲಿ ಬೇಳೆ ಬೇಯಿಸಿಕೋ ಎಂದು ಸನ್ನೆ ಮಾಡಿದನಂತೆ. ಆಮೇಲೆ ಅಲ್ಲಿದ್ದಷ್ಟು ಕಾಲವೂ ಆ ಬೋಗುಣಿಯನ್ನು ಇನ್ನೊಬ್ಬರು ಮುಟ್ಟದಂತೆ ಕಾದನಂತೆ.

ನಾನು ಹುಟ್ಟಿದ್ದು ಸುರಪುರದಲ್ಲಿ. ಅಲ್ಲಿಯ ಗುಡ್ಡದ ಮೇಲೆ ಬ್ರಿಟಿಷರ ಕಾಲದ ಅಧಿಕಾರಿಯೊಬ್ಬ ಕಟ್ಟಿಸಿದ ಬಂಗಲೆ ಇವತ್ತಿಗೂ ಇದೆ. ಸುರಪುರದ ದೊರೆ ಇನ್ನೂ ಚಿಕ್ಕವನಿದ್ದಾಗ ಸಂಸ್ಥಾನದ ಉಸ್ತುವಾರಿಗೆಂದು ಬಂದ ಆ ಬಿಳಿಯ ಮನುಷ್ಯ ನಮ್ಮ ಜನರನ್ನು ಮನಸಾರೆ ಪ್ರೀತಿಸಿದ ಎಂದು ನಮ್ಮಜ್ಜಿ ಹೊಗಳುತ್ತಿದ್ದಳು, ಅದೇನು ಸುಳ್ಳಲ್ಲ. ಆದರೆ ಅದೇ ದೊರೆ ಬೆಳೆದು, ನನ್ನ ನಾಡು ನನ್ನದು ಎಂದು ಎದ್ದು ನಿಂತಾಗ ಬ್ರಿಟಿಷರು ಸಂಸ್ಥಾನವನ್ನೇ ಉಳಿಸಲಿಲ್ಲ. ದೂರದಿಂದ ಬಂದು ನಮ್ಮ ಮನೆಯನ್ನು ಒಪ್ಪವಾಗಿಸುತ್ತೇವೆ ಎನ್ನುವವರ ವಾತ್ಸಲ್ಯವನ್ನು ಕಂಡರೆ ನನಗೆ ಒಳಗೊಳಗೇ ದಿಗಿಲಾಗುವುದು ಬಹುಶಃ ಆ ಬಂಗಲೆಯ ನೆರಳಲ್ಲಿ ಆಡಿ ಬೆಳೆದದ್ದರಿಂದ ಇರಬೇಕು.

ತಪ್ಪು ತಿಳಿಯಬೇಡಿ, ಸಂತೆಯಲ್ಲಿ ಬಾಂಬಿಡುವವನ ಮೇಲೆ ನನಗೆ ಎಳ್ಳಷ್ಟೂ ಕನಿಕರವಿಲ್ಲ. ನಮ್ಮ ಹೈದರಾಬಾದಿನಲ್ಲಿ ಬಾಂಬು ಸಿಡಿದಾಗ, ಅಲ್ಲಿರುವ ಬಳಗಕ್ಕೆ ಫೋನು ಹತ್ತದೆ ಮತ್ತೆ ಮತ್ತೆ ನಂಬರು ಒತ್ತಿದವರಲ್ಲಿ ನಾನೂ ಒಬ್ಬಳು. ಹಿಂಸೆಯನ್ನು ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಮೆರಿಕದವರು ಒಂದು ಕಾಲಕ್ಕೆ ತಾವೇ ಬಂದೂಕು ಕೊಟ್ಟು ಬೆನ್ನು ತಟ್ಟಿದವರ ಪೈಕಿಯವರನ್ನೇ ಇನ್ನೊಂದು ಕಾಲಕ್ಕೆ ರಾಕ್ಷಸರೆಂದು ಕರೆದು, ಅವರನ್ನು ಹುಡುಕುವ ಭರದಲ್ಲಿ ಮದುವೆಮನೆಗಳ ಮೇಲೂ ಆಕಾಶದಿಂದ ಬೆಂಕಿ ಸುರಿದು, ಕೊನೆಗೆ ತಾವು ಅಟ್ಟಿ ಓಡಿಸಿದ್ದವರ ಕೈಗೇ ಊರು ಬಿಟ್ಟುಕೊಟ್ಟು ವಿಮಾನ ಹತ್ತಿದರಲ್ಲ, ಇದಕ್ಕೆ ಏನೆನ್ನೋಣ? ಪ್ರಜಾಪ್ರಭುತ್ವ, ಹೆಣ್ಣುಮಕ್ಕಳ ಶಿಕ್ಷಣ, ಮಾನವ ಹಕ್ಕು ಎಂಬ ಒಳ್ಳೊಳ್ಳೆಯ ಮಾತುಗಳನ್ನೆಲ್ಲ ನಂಬಿ ಹತ್ತಿರ ಬಂದ ಜನ, ಅವರು ಹೊರಟ ದಿನ, ಅವರ ವಿಮಾನದ ಹಿಂದೆ ರನ್‌ವೇ ಮೇಲೆ ಓಡಿದರು. ಟಿವಿಯಲ್ಲಿ ಅದನ್ನು ನೋಡಿ ನನ್ನ ಮೈಯೆಲ್ಲ ಉರಿದಿತ್ತು.

ಮಲ್ಲಣ್ಣನನ್ನೂ ಉಳಿದ ಭಾರತೀಯ ಕೆಲಸಗಾರರನ್ನೂ ಅದಕ್ಕೆ ಮೊದಲೇ ದುಬೈಗೆ ಸಾಗಿಸಿದ್ದರು. ನೂರ್ ಅಲ್ಲೇ ಉಳಿದ. ಹೊಸದಾಗಿ ಊರು ಹಿಡಿದವರು ಪರದೇಶಿಗಳ ಅನ್ನ ಉಂಡವರಾರೆಂದು ಓಣಿ ಓಣಿಯಲ್ಲಿ ವಿಚಾರಿಸತೊಡಗಿದಾಗ, ಅವನು ಹೆಂಡತಿ ಮತ್ತು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಒಬ್ಬ ನೆಂಟನ ಮನೆಯಿಂದ ಇನ್ನೊಬ್ಬ ನೆಂಟನ ಮನೆಗೆ ಅಡಗುತ್ತ ತಿರುಗಿದ. ತಮ್ಮ ಸೇನೆಗೆ ದುಡಿದವರನ್ನು ಕರೆಸಿಕೊಳ್ಳುತ್ತೇವೆ ಎಂದು ಅಮೆರಿಕದವರು ಹೇಳಿದ್ದರು. ಆದರೆ ದುಡಿದದ್ದಕ್ಕೆ ಮೇಲಧಿಕಾರಿಯ ರುಜು ಬೇಕು. ಗುತ್ತಿಗೆ ಹಿಡಿದಿದ್ದ ಕಂಪನಿ ಬಾಗಿಲು ಹಾಕಿತ್ತು. ಮೇಲಧಿಕಾರಿ ತನ್ನ ಊರಿಗೆ ಹೋಗಿ ಫೋನು ಎತ್ತುವುದನ್ನೇ ಬಿಟ್ಟಿದ್ದ. ಅಷ್ಟರಲ್ಲಿ ಶಹಾಪುರಕ್ಕೆ ಮರಳಿ ಖಾನಾವಳಿ ತೆರೆದಿದ್ದ ಮಲ್ಲಣ್ಣ ಒಂದು ಮಧ್ಯಾಹ್ನ ನನ್ನ ಮನೆಯ ಬಾಗಿಲಲ್ಲಿ ನಿಂತಿದ್ದ. "ಅವ ದುಡಿದದ್ದು ಕಣ್ಣಾರೆ ಕಂಡವ ನಾ ಅದೀನಲ್ರಿ ಅಕ್ಕೋರ. ನನ್ನ ಸಾಕ್ಷಿ ನೀವು ಇಂಗ್ಲಿಷಿನ್ಯಾಗ ಬರದು ಕಳಸ್ರಿ."

ಬರೆದೆ. ಬದುಕಿನಲ್ಲಿ ಅಷ್ಟು ಚೊಕ್ಕ ಇಂಗ್ಲಿಷನ್ನು ನಾನು ಮತ್ತೆಲ್ಲೂ ಬರೆದಿಲ್ಲ. ಅಮೆರಿಕದ ದೂತಾವಾಸಕ್ಕೆ, ಅವರ ವಿದೇಶಾಂಗ ಕಚೇರಿಗೆ, ಹೆಸರು ಸಿಕ್ಕ ಜನಪ್ರತಿನಿಧಿಗಳಿಗೆ. ಬಂದ ಮೇಲ್‌ಗಳೆಲ್ಲ ಯಂತ್ರವೇ ಕಳಿಸಿದವು: ನಿಮ್ಮ ಪತ್ರ ತಲುಪಿದೆ, ಇದಕ್ಕೆ ಉತ್ತರಿಸಬೇಡಿ. ಕಟ್ಟಕಡೆಗೆ ಮನುಷ್ಯರೊಬ್ಬರು ಬರೆದರು. ಜೊತೆ ಕೆಲಸಗಾರನ ಸಾಕ್ಷಿ ನಡೆಯುವುದಿಲ್ಲವಂತೆ, ಭದ್ರತೆಯ ಪ್ರಶ್ನೆ ಇದೆಯಂತೆ, ಅರ್ಜಿದಾರ ಯಾರೆಂಬುದು ಖಚಿತವಿಲ್ಲವಂತೆ. ಎಂಥ ಮಾತಿದು! ಮೂರು ಹೊತ್ತು ಅವನು ತೊಳೆದ ತಟ್ಟೆಯಲ್ಲೇ ಉಂಡವರು ಅವನು ಯಾರೆಂದು ಕೇಳುತ್ತಾರೆ. ಆ ಮೇಲ್ ಓದಿ ಹೇಳುವಾಗ ಮಲ್ಲಣ್ಣನಿಗಿಂತ ನನ್ನ ದನಿಯೇ ಎತ್ತರದಲ್ಲಿತ್ತು. ಪಶ್ಚಿಮದ ನೀತಿ, ಪಶ್ಚಿಮದ ಸೋಗು ಎಂದು ಖಾನಾವಳಿಯ ನಾಲ್ಕು ಗೋಡೆ ಅದುರುವಂತೆ ಬೈದೆ. ಉಣ್ಣುತ್ತಿದ್ದವರು ತಲೆಯೆತ್ತಿ ನೋಡಿದರು.

ಮಲ್ಲಣ್ಣ ಬೈಯಲಿಲ್ಲ. ಕೈ ಒರೆಸಿಕೊಂಡು ನೂರ್‌ಗೆ ಫೋನು ಹಚ್ಚಿ, ಪಕ್ಕದಲ್ಲಿ ಅಕ್ಕೋರೂ ಇದ್ದಾರೆಂದು ಹೇಳಿ, ನನಗೂ ಕೇಳಲೆಂದು ಮೇಜಿನ ಮೇಲೆ ಇಟ್ಟ. ಆ ಕಡೆಯಿಂದ ಮೊದಲು ಬಂದದ್ದು ನನಗೆ ಹೇಳಿದ ಮಾತು. "ಅಕ್ಕೋರ, ಊಟ ಆತೇನ್ರಿ?" ಅಡುಗೆಮನೆಯಲ್ಲಿ ಮಲ್ಲಣ್ಣನಿಂದ ಕಲಿತ ನಾಲ್ಕಾರು ಕನ್ನಡದ ಮಾತುಗಳಲ್ಲಿ ಅದೂ ಒಂದು. ಆತು ಎಂದೆ. ಅಮೆರಿಕದವರು ಒಲ್ಲೆಂದ ಸುದ್ದಿಯನ್ನು ಮಲ್ಲಣ್ಣ ಹಿಂದಿಯಲ್ಲಿ ತಿಳಿಸಿದ. ಕೂಡಲೇ, ಅವರು ಕರೆಯದಿದ್ದರೆ ನಾನು ಕರೆಯುತ್ತೇನೆ, ಹೆಂಡತಿ ಮಕ್ಕಳನ್ನು ಕರೆದುಕೊಂಡು ಗೋಗಿಯ ನಮ್ಮ ಮನೆಗೆ ಬಾ, ಶಹಾಪುರದ ಖಾನಾವಳಿಯಲ್ಲಿ ಇಬ್ಬರೂ ಕೂಡಿ ದುಡಿಯೋಣ ಎಂದ. ನೂರ್ ನಕ್ಕ. ಅವನ ನಗು ನಾನು ಕೇಳಿದ್ದು ಅದೇ ಮೊದಲು.

ಮಲ್ಲಣ್ಣ ನನ್ನ ಕಡೆ ತಿರುಗಿದ. "ಅವರಿಗೆ ಬರದದ್ದು ಸಾಕ್ರಿ ಅಕ್ಕೋರ. ಇನ್ನ ನಮ್ಮೋರಿಗೆ ಬರೀರಿ, ದಿಲ್ಲಿಗೆ. ಅವನ್ನ ಇಲ್ಲಿಗೆ ಕರಸೂನು."

"ಅದು ಅಷ್ಟು ಸಸಾರ ಅಲ್ಲೋ ಮಲ್ಲಣ್ಣ," ಎಂದೆ. "ಭದ್ರತೇದ ಪ್ರಶ್ನೆ ಇರ್ತದ. ಬಂದವರು ಯಾರು ಏನು ಅಂತ ಖಚಿತ ಆಗಬೇಕಲ್ಲ..."

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತೆಂದು ನನಗೆ ಹೊಳೆಯಿತು. ಕೈಯಲ್ಲಿದ್ದ ಮೇಲ್‌ನಲ್ಲಿ ಅದೇ ಸಾಲು ಇನ್ನೂ ಹಾಗೇ ಇತ್ತು. ನಾಚಿಕೆಯಿಂದ ಮುಖವೆಲ್ಲ ಬಿಸಿಯಾಯಿತು.

"ಅವ ಯಾರು ಅಂತ ನಾ ಹೇಳಾಕತ್ತೇನಲ್ರಿ," ಎಂದ ಮಲ್ಲಣ್ಣ, ಮೆಲ್ಲಗೆ.

ಫೋನು ಇನ್ನೂ ಚಾಲೂ ಇತ್ತು. ನಮ್ಮ ಮಾತು ಪೂರ್ತಿ ತಿಳಿಯದ ನೂರ್ ಆ ಕಡೆಯಿಂದ ತನಗೆ ಬಂದಷ್ಟು ಕನ್ನಡದಲ್ಲೇ ಕೇಳಿದ, "ಅಕ್ಕೋರು ಏನಂದ್ರು?"

"ಬರೀತಾರಂತ," ಎಂದ ಮಲ್ಲಣ್ಣ, ನನ್ನ ಮುಖ ನೋಡದೆ.